ಮರಿಯಪ್ಪ ಕೊಟ್ಟ ನಾಯಿ

ಮರಿಯಪ್ಪ ಎದುರಿಗಿದ್ದವರ ಮುಖ ನೋಡಿ ಮಾತಾಡಿದ್ದನ್ನು ನಾನು ಕಾಣೆ. ಪಕ್ಕಕ್ಕೆ ತಿರುಗಿ, ಗೋಡೆಗೋ ಬೇವಿನ ಮರಕ್ಕೋ ಹೇಳುವವನಂತೆ ಮಾತಾಡುತ್ತಿದ್ದ. ಕೂಡ್ಲಿಗಿಯ ಪಶು ಆಸ್ಪತ್ರೆಯಲ್ಲಿ ಜವಾನ. ದಿಟ್ಟಿಸಿದರೆ ಬೆದರುವ ಪ್ರಾಣಿಗಳ ನಡುವೆಯೇ ವಯಸ್ಸು ಕಳೆದು, ಮನುಷ್ಯರ ಹತ್ತಿರವೂ ಅದೇ ರೂಢಿ ಉಳಿದಿತ್ತು. ಶಾಲೆಯಲ್ಲಿ ಪಾಠ ಹೇಳುವ ನನಗೆ ಅದನ್ನು ಕಂಡರೆ ಮೈಯುರಿ.

ಯಾರೋ ಬಿಟ್ಟುಹೋದ ನಾಯಿಗಳನ್ನು ಅವನು ಆಸ್ಪತ್ರೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ ಸಾಕುತ್ತಿದ್ದ. ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ ಊರಿಗೆ ಹುಚ್ಚುನಾಯಿಯ ಭಯ ಹತ್ತಿತು. ಕೊರಳಲ್ಲಿ ಪಟ್ಟಿ ಇಲ್ಲದ ನಾಯಿಗಳನ್ನು ಅಮಾವಾಸ್ಯೆಯ ಮಾರನೇ ದಿನ ಕೊಲ್ಲುತ್ತಾರೆಂದು ಡಂಗುರ ಸಾರಿದರು. ಉಳಿದವಕ್ಕೆಲ್ಲ ಮನೆ ಸಿಕ್ಕಿತು. ಕಂದು ಬಣ್ಣದ ಒಂದು ಹೆಣ್ಣುನಾಯಿ ಮಾತ್ರ ಯಾರ ಕೈಗೂ ಬರಲಿಲ್ಲ. ಮರಿಯಪ್ಪ ಅದನ್ನು ಮಲಗಿದ್ದ ಬುಟ್ಟಿಯ ಸಮೇತ ಹೊತ್ತು ತಂದು ನಮ್ಮ ಹಿತ್ತಲಲ್ಲಿ ಇಳಿಸಿದ.

"ಹಿಡಿದು ಪಟ್ಟಿ ಕಟ್ಟಿದ್ರಾತಲ್ಲ?" ಎಂದೆ.

"ಹಂಗ ಕಟ್ಟಿದ್ರ ಹರ್ಕೊಂಡು ಓಡ್ತೈತ್ರಿ ಅಕ್ಕೋರ. ತಾನಾಗೇ ಕೊರಳು ಕೊಡಬೇಕು. ಅಮಾಸಿಗೆ ಇನ್ನೂ ಇಪ್ಪತ್ತು ದಿನ ಐತಿ."

ಅದು ಸೌದೆ ರಾಶಿಯ ಹಿಂದೆ ಸೇರಿದ್ದೇ ಸೇರಿದ್ದು. ಕರೆದೆ, ರಮಿಸಿದೆ, ಹಾಲಿನಲ್ಲಿ ರೊಟ್ಟಿ ನೆನೆಸಿ ಇಟ್ಟೆ. ತಟ್ಟೆ ಇಡಲು ಬಗ್ಗಿದರೆ ಸಾಕು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಗೋಡೆಗೆ ಅಂಟುತ್ತಿತ್ತು. ಹತ್ತು ದಿನ ಇದೇ ಹಾಡು. ಹನ್ನೊಂದನೇ ದಿನ ಆಸ್ಪತ್ರೆಗೇ ಹೋಗಿ, ದನ ಹಿಡಿದು ನಿಂತವರ ಮುಂದೆಲ್ಲ ಕೂಗಾಡಿದೆ.

"ನಿಮ್ಮ ನಾಯಿ ನೀವೇ ಇಟ್ಕೊಳ್ರಿ. ನಿಮಗ ಮಾಡಾಕ ಕೆಲಸಿಲ್ಲ, ನನಗೈತಿ."

ಅವನು ಗೋಡೆಯ ಕಡೆ ತಿರುಗಿ ದನದ ಹಗ್ಗ ಬಿಗಿದ. ಸಂಜೆ ಬಂದು ಹಿತ್ತಲಲ್ಲಿ ಕೂತ. ನಾನು ಸಿಡುಕುತ್ತಲೇ ತಟ್ಟೆ ಇಟ್ಟೆ.

"ಬಗ್ಗಬ್ಯಾಡ್ರಿ ಅಕ್ಕೋರ. ನಮ್ಮೂರಾಗ ನಾಯಿ ಕಂಡು ಬಗ್ಗೋರೆಲ್ಲ ಕಲ್ಲಿಗೇ ಬಗ್ಗೋದು. ರೊಟ್ಟಿ ಇಡಾಕೂ ಬಗ್ತಾರಂತ ಅದಕ್ಕ ಯಾರು ಹೇಳ್ಯಾರ?"

ಅಲ್ಲಿಂದ ಮುಂದೆ ಮೊದಲೇ ನೆಲದ ಮೇಲೆ ಕೂತು, ಸೌದೆಗೆ ಬೆನ್ನು ಹಾಕಿ, ನನ್ನ ರೊಟ್ಟಿ ನಾನು ತಿನ್ನಬೇಕಾಯಿತು. ಒಂದು ಚೂರು ಹಿಂದಕ್ಕೆ ಬಿಡುವುದು, ತಿರುಗಿ ನೋಡದಿರುವುದು. ಬೆನ್ನು ನೋಯುತ್ತಿತ್ತು, ನಾಯಿಯನ್ನೂ ಮರಿಯಪ್ಪನನ್ನೂ ಒಟ್ಟಿಗೇ ಬೈದುಕೊಳ್ಳುತ್ತಿದ್ದೆ. ಅಮಾವಾಸ್ಯೆಗೆ ಮೂರು ದಿನ ಇದ್ದಾಗ ಮೊಣಕೈಗೆ ಒದ್ದೆ ಮೂಗು ತಾಗಿತು. ಅಲುಗದೆ ಕೂತೆ. ಅಮಾವಾಸ್ಯೆಯ ಹಿಂದಿನ ದಿನ ಕೂತಲ್ಲೇ ಪಟ್ಟಿ ಕಟ್ಟಿದೆ. ಅದು ನಡುಗಿತು, ಆದರೆ ಓಡಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮರಿಯಪ್ಪ ಚೀಲ ಹಿಡಿದು ಬಂದ. ಹಿರೇಹಡಗಲಿಗೆ ವರ್ಗವಾಗಿತ್ತು, ಬಸ್ಸಿಗೆ ಹೊರಟಿದ್ದ. ಅವನು ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಒಂದು ದಿನವೂ ಬಾಯಿ ಬಿಡದಿದ್ದ ನಾಯಿ ನನ್ನ ಮುಂದೆ ನುಗ್ಗಿ ಬೊಗಳತೊಡಗಿತು. ಮರಿಯಪ್ಪ ಬೀದಿಗಿಳಿದು ನಿಂತು ನಕ್ಕ.

"ಬಿಡ್ರಿ, ಗದರಸಬ್ಯಾಡ್ರಿ. ಇದು ತನ್ನ ಮನಿ ಅಂತ ತಿಳಕೊಂಡೈತಿ."

ಅಷ್ಟು ಜನರ ಮುಂದೆ ಬೈದದ್ದು ತಪ್ಪಾಯಿತು, ಒಳಗೆ ಬಂದು ಚಾ ಕುಡಿದು ಹೋಗಿ ಎಂದು ಕೂಗಿ ಹೇಳಿದೆ. ನಾಯಿಯ ಬೊಗಳಿಕೆಯಲ್ಲಿ ಅವನಿಗೆ ಒಂದು ಮಾತೂ ಕೇಳಿಸಲಿಲ್ಲ. ಕೈ ಎತ್ತಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.