ಡೈನಮೋ ಬಿಚ್ಚಿದ ಭಾನುವಾರ

ನಮ್ಮ ಮನೆಯವರು ಧಾರವಾಡದ ಕಡೆಯವರು, ನಾನು ಮೈಸೂರಿನವಳು. ಮದುವೆಯಾಗಿ ಮುಂಬಯಿಯ ಭಾಂಡುಪಿಗೆ ಬಂದ ಹೊಸದರಲ್ಲಿ ಅವರ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಮಾತು ಅವರಿಗೆ ಮುಕ್ಕಾಲು. ಈ ಸಂಬಂಧ ಕುದುರಿಸಿದವನು ನನ್ನ ಅಣ್ಣ. ಅವನೂ ನಮ್ಮವರೂ ಪವಾಯಿ ಹತ್ತಿರದ ಒಂದೇ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಇದ್ದ ಬಿಲ್ಡಿಂಗೂ ಒಂದೇ. ನಾವು ಮೊದಲನೇ ಮಹಡಿಯಲ್ಲಿ, ಅಣ್ಣ ಅತ್ತಿಗೆ ಮೂರನೆಯದರಲ್ಲಿ. ಎಪ್ಪತ್ತರ ದಶಕದ ಶುರುವಿನಲ್ಲಿ ಇಬ್ಬರೂ ಸೇರಿ ಹಳೆಯದೊಂದು ಮೋಟಾರ್ ಸೈಕಲ್ ಕೊಂಡರು. ಹೊಸ ಗಾಡಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು.

ನಮ್ಮವರು ಓಡಿಸುವುದು, ಅಣ್ಣ ಹಿಂದೆ ಕೂರುವುದು ಎಂದು ಮೊದಲ ದಿನವೇ ಗೊತ್ತಾಗಿಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಡಬ್ಬಿ ನೇತುಹಾಕಿಕೊಂಡು ಹೊರಟರೆ ಬೀದಿಯ ತಿರುವು ದಾಟುವ ತನಕ ಇಬ್ಬರ ಮಾತೂ ಮೇಲಕ್ಕೆ ಕೇಳುತ್ತಿತ್ತು.

ಆ ವರ್ಷದ ಗಣಪತಿ ಹಬ್ಬಕ್ಕೆ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ಒಂದು ನಾಟಕ ಆಡಿದರು. ನಮ್ಮವರದು ಮುಖ್ಯ ಪಾತ್ರ. ಅಣ್ಣ ಪರದೆಯ ಹಿಂದೆ ಪುಸ್ತಕ ಹಿಡಿದು, ಮಾತು ಮರೆತವರಿಗೆ ನೆನಪಿಸುವವನು. ಎರಡನೇ ಅಂಕದಲ್ಲಿ ಸತ್ತ ಮಗನ ಮುಂದೆ ತಂದೆ ಆಡುವ ದೊಡ್ಡ ಮಾತೊಂದಿತ್ತು. ಅದರ ನಡುವೆ ನಮ್ಮವರಿಗೆ ಮುಂದಿನ ಸಾಲು ಮರೆತುಹೋಯಿತು. ಪರದೆಯತ್ತ ನೋಡಿದರು. ಅಲ್ಲಿಂದ ಸದ್ದೇ ಇಲ್ಲ. ಕೆಮ್ಮಿದರು, ಮತ್ತೆ ನೋಡಿದರು. ಕೊನೆಗೆ ಸತ್ತ ಮಗನ ಪಾತ್ರದವನೇ ಮಲಗಿದ್ದಲ್ಲಿಂದ ಪಿಸುಗುಟ್ಟಿದ. ಮೈಕು ಅವನ ಹತ್ತಿರವೇ ಇತ್ತು. ಜನ ಬಿದ್ದು ಬಿದ್ದು ನಕ್ಕರು.

ಬಣ್ಣ ಒರೆಸಿಕೊಳ್ಳದೆಯೇ ಮನೆಗೆ ಬಂದ ನಮ್ಮವರು ಅಣ್ಣನ ಜೊತೆ ಮಾತು ಬಿಟ್ಟರು. ಕಾರಣ ಹೇಳಲು ಅಣ್ಣ ಒಂದು ಸಲ ಬಂದ. ಇವರು ಎದ್ದು ಸ್ನಾನಕ್ಕೆ ಹೋದರು. ಅದರಿಂದ ಅವನಿಗೂ ಸಿಟ್ಟು ಬಂತು.

ಗಾಡಿ ಮಾತ್ರ ಒಂದೇ. ಹಾಗಾಗಿ ಮಾತಿಲ್ಲದೆಯೂ ಇಬ್ಬರೂ ಅದರ ಮೇಲೇ ಕೆಲಸಕ್ಕೆ ಹೋಗುತ್ತಿದ್ದರು. ಅಣ್ಣ ಕೆಳಗಿಳಿದು ಸುಮ್ಮನೆ ಗೇಟಿನ ಹತ್ತಿರ ನಿಲ್ಲುವನು. ಇವರು ಗಾಡಿ ಶುರುಮಾಡಿ ತಂದು ಅವನ ಕಡೆ ನೋಡದೆ ಪಕ್ಕದಲ್ಲಿ ನಿಲ್ಲಿಸುವರು. ದಾರಿಯಲ್ಲಿ ಎಲ್ಲಾದರೂ ಇಳಿಯಬೇಕಾದರೆ ಅಣ್ಣ ಇವರ ಭುಜವನ್ನು ಬೆರಳಲ್ಲಿ ತಟ್ಟುವನಂತೆ. ನಾನು ಅತ್ತಿಗೆಯ ಹತ್ತಿರ ದುಃಖ ತೋಡಿಕೊಂಡರೆ ಅವಳು, “ಸೀಟು ಒಂದೇ ಕಣೇ, ಎಷ್ಟು ದೂರ ಹೋದಾರು” ಎಂದು ಬೆಳ್ಳುಳ್ಳಿ ಸುಲಿಯುತ್ತ ಕೂತಳು.

ದೀಪಾವಳಿ ಕಳೆದ ಮೇಲೆ ಗಾಡಿಯ ದೀಪ ಅರಿಸಿನದ ಬಣ್ಣಕ್ಕೆ ತಿರುಗಿತು. ಹಾರ್ನ್ ನೆಗಡಿಯಾದವರ ದನಿಯಂತಾಯಿತು. ಬ್ಯಾಟರಿಯನ್ನು ಅಂಗಡಿಯಲ್ಲಿಟ್ಟು ಚಾರ್ಜ್ ಮಾಡಿಸಿ ತಂದರೂ ವಾರ ತುಂಬುವುದರೊಳಗೆ ಸತ್ತುಹೋಗುತ್ತಿತ್ತು. ಇಂಜಿನ್ ತಿರುಗುವಾಗ ಬ್ಯಾಟರಿಗೆ ಕರೆಂಟು ತುಂಬಬೇಕಾದ ಡೈನಮೋ ಕೈಕೊಟ್ಟಿದೆ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಗೊತ್ತಾಯಿತು. ಸ್ಟೇಷನ್ ಹತ್ತಿರದ ಮೆಕ್ಯಾನಿಕ್ “ಗಾಡಿ ಬಿಟ್ಟುಹೋಗಿ, ತಿಂಗಳ ಕೊನೆಗೆ ಬನ್ನಿ” ಎಂದನಂತೆ. ಅಷ್ಟು ದಿನ ಬಸ್ಸಿನ ಸಾಲಿನಲ್ಲಿ ನಿಲ್ಲಲು ಇಬ್ಬರೂ ತಯಾರಿರಲಿಲ್ಲ. ಮನೆಯಲ್ಲೇ ಬಿಚ್ಚಿ ಸರಿಮಾಡುವುದೆಂದೂ ಯಾರು ಏನು ತರಬೇಕೆಂದೂ ನನ್ನ, ಅತ್ತಿಗೆಯ ಮೂಲಕ ಗೊತ್ತುಮಾಡಿಕೊಂಡರು.

ಒಂದು ಶನಿವಾರ ನಮ್ಮವರು ಗ್ರಾಂಟ್ ರೋಡಿನ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಹೊಸ ಆರ್ಮೇಚರ್ ತಂದರು. ತಾಮ್ರದ ತಂತಿ ಸುತ್ತಿದ, ಡೈನಮೋದ ಒಳಗೆ ತಿರುಗುವ ಭಾಗ ಅದು. ಅದೇ ಸಂಜೆ ಅತ್ತಿಗೆ ಕೆಳಗಿಳಿದು ಬಂದು ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. ಅದರೊಳಗೆ ಆರ್ಮೇಚರಿಗೆ ಒತ್ತಿಕೊಂಡು ಕರೆಂಟು ಹೊರತರುವ ಕಾರ್ಬನ್ ಬ್ರಶ್ಶುಗಳು ಮತ್ತು ಬ್ಯಾಟರಿಯ ಕರೆಂಟು ಡೈನಮೋಗೆ ಹಿಂದಿರುಗದಂತೆ ತಡೆಯುವ ಹೊಸ ಕಟೌಟ್ ಡಬ್ಬಿ. ಅಣ್ಣ ಬೇರೆ ಅಂಗಡಿಗೆ ಹೋಗಿ ತಂದಿದ್ದ. ಒಂದೇ ಮಧ್ಯಾಹ್ನ, ಒಂದೇ ಬೀದಿಯಲ್ಲಿ ಇಬ್ಬರೂ ಓಡಾಡಿದ್ದರೂ ಒಬ್ಬರ ಕಣ್ಣಿಗೊಬ್ಬರು ಬೀಳದಂತೆ ನೋಡಿಕೊಂಡಿದ್ದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಕಾಂಪೌಂಡಿನಲ್ಲಿ ಗಾಡಿಯಿಂದ ಡೈನಮೋ ಬಿಚ್ಚಿದರು. ಹಿತ್ತಾಳೆ ಚೊಂಬಿನಷ್ಟು ದಪ್ಪದ, ಕಬ್ಬಿಣದ ಉದ್ದ ಡಬ್ಬಿಯಂಥ ವಸ್ತು. ಅದನ್ನೂ ಬ್ಯಾಟರಿಯನ್ನೂ ನಮ್ಮ ಮನೆಗೆ ತಂದು, ನಡುಮನೆಯಲ್ಲಿ ಹಳೆಯ ಪೇಪರ್ ಹಾಸಿ, ಎದುರುಬದುರು ಕೂತರು. ನನ್ನನ್ನು ನಡುವೆ ಕೂರಿಸಿಕೊಂಡರು.

“ನಿಮ್ಮಣ್ಣಗ ಹೇಳು, ಆ ಹಿಂದಿನ ಮುಚ್ಚಳ ಗಟ್ಟಿ ಹಿಡೀರಿ ಅಂತ” ಎಂದರು ನಮ್ಮವರು.

ಅಣ್ಣ ಒಂದು ಮೊಳ ದೂರದಲ್ಲಿದ್ದ. ಆದರೂ ನಾನು ಹೇಳಿದೆ.

“ಹಿಡಿದಿದ್ದೀನಿ. ತಿರುಪು ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತೆ ಅನ್ನೋದು ನಿನ್ನ ಯಜಮಾನರಿಗೆ ಗೊತ್ತಾ, ಕೇಳು.”

ಇದನ್ನು ಹಾಗೆಯೇ ದಾಟಿಸುವ ಹಾಗಿರಲಿಲ್ಲ. “ರೀ, ಆ ತಿರುಪು ಸ್ವಲ್ಪ ಬಿಗಿ ಇದೆಯಂತೆ” ಎಂದೆ.

“ಅವರು ಅಂದದ್ದು ನನಗ ಕೇಳಿಸ್ಯದ” ಎಂದರು ಇವರು. “ಎಣ್ಣಿ ತಗೊಂಡು ಬಾ.”

ನಾನು ಹೊಲಿಗೆ ಯಂತ್ರದ ಎಣ್ಣೆ ತಂದುಕೊಟ್ಟೆ. ಹೀಗೆ ಬಹಳ ಹೊತ್ತು ನಡೆಯಿತು. ಅಣ್ಣ ಹತ್ತು ಮಾತು ಹೇಳಿದರೆ ನಾನು ಮೂರು ದಾಟಿಸುತ್ತಿದ್ದೆ. ಇವರು ಮೂರು ಹೇಳಿದರೆ, ಅದಕ್ಕೆ ‘ದಯವಿಟ್ಟು’ ಎಂದು ಸೇರಿಸಿ ನಾಲ್ಕು ಮಾಡುತ್ತಿದ್ದೆ. ಹಳೆಯ ಆರ್ಮೇಚರ್ ಹೊರಬಂದಾಗ ಅದರ ತಂತಿ ಸುಟ್ಟು ಕಪ್ಪಾಗಿತ್ತು. ಬ್ರಶ್ಶುಗಳು ಸವೆದು ಹುಣಿಸೆಬೀಜದಷ್ಟಾಗಿದ್ದವು. ಇಬ್ಬರೂ ಬಗ್ಗಿ ನೋಡಿ ಒಂದೇ ಸಲ ಚ್ಚ್ ಚ್ಚ್ ಎಂದರು. ಕೂಡಲೇ ನೆನಪಾದವರಂತೆ ಹಿಂದಕ್ಕೆ ಸರಿದು ಕೂತರು.

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ನಮ್ಮ ಬಿಲ್ಡಿಂಗಿನಲ್ಲಿ ನೀರು ಬಂದರೆ ಯಾವ ರಾಯಭಾರವೂ ನಡೆಯುವುದಿಲ್ಲ. ನಾನು ಎದ್ದು ಹೋಗಿ ಹಂಡೆ, ಕೊಳಗ, ಬಕೆಟ್ಟು ತುಂಬಿಸತೊಡಗಿದೆ. ನಡುಮನೆಯಲ್ಲಿ ಸದ್ದು ನಿಂತುಹೋಯಿತು. ಇಬ್ಬರೂ ನನಗಾಗಿ ಕಾಯುತ್ತಿದ್ದಾರೆ ಎಂದುಕೊಂಡು ನಾನು ಬೇಕೆಂದೇ ಪಾತ್ರೆಗಳನ್ನು ಎರಡೆರಡು ಸಲ ತೊಳೆದೆ.

ಸ್ವಲ್ಪ ಹೊತ್ತಿಗೆ ಅಣ್ಣನ ದನಿ ಕೇಳಿತು. ಅವನು ಡೈನಮೋವನ್ನೇ ಮಾತಾಡಿಸುತ್ತಿದ್ದ. “ಏನಪ್ಪಾ ಡೈನಮೋ, ನಿನ್ನ ಬ್ರಶ್ಶು ಓರೆ ಕೂತಿದೆಯಲ್ಲ, ಯಾರೂ ನೋಡಲೇ ಇಲ್ವಾ?”

ನಮ್ಮವರೂ ಡೈನಮೋಗೇ ಉತ್ತರ ಕೊಟ್ಟರು. “ಓರೆ ಕೂತಿಲ್ಲಪಾ ನೀ. ನೋಡೋರ ಕಣ್ಣು ಓರೆ ಆಗ್ಯಾವ.”

ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಬಾಗಿಲ ಸಂದಿಯಿಂದ ನೋಡಿದೆ. ಕೆಲಸ ಈಗ ಇಬ್ಬರ ಕೈಯೂ ಬೇಕಾದ ಹಂತಕ್ಕೆ ಬಂದಿತ್ತು. ಹೊಸ ಬ್ರಶ್ಶುಗಳ ಹಿಂದಿನ ಸ್ಪ್ರಿಂಗುಗಳನ್ನು ಒಬ್ಬರು ಕೊಕ್ಕೆಯಲ್ಲಿ ಎಳೆದು ಹಿಡಿಯಬೇಕು, ಇನ್ನೊಬ್ಬರು ಮುಚ್ಚಳವನ್ನು ಒಳಕ್ಕೆ ತಳ್ಳಬೇಕು, ಅದು ಸರಿಯಾಗಿ ಕೂತ ಗಳಿಗೆಯಲ್ಲೇ ಸ್ಪ್ರಿಂಗು ಬಿಡಬೇಕು. ಬೇಗ ಬಿಟ್ಟರೆ ಬ್ರಶ್ಶು ಮುರಿಯುತ್ತದೆ. ಕೊಕ್ಕೆಗೆ ಅವರು ನನ್ನ ಕ್ರೋಶಾ ಕಡ್ಡಿಗಳನ್ನೇ ಎತ್ತಿಕೊಂಡಿದ್ದರು. ಕೊಕ್ಕೆ ನಮ್ಮವರ ಕೈಯಲ್ಲಿ, ಮುಚ್ಚಳ ಅಣ್ಣನ ಕೈಯಲ್ಲಿ. ಮುಚ್ಚಳ ಎಷ್ಟು ಒಳಗೆ ಹೋಯಿತೆಂದು ಕಾಣುತ್ತಿದ್ದುದು ಅಣ್ಣನಿಗೆ ಮಾತ್ರ. ಇಬ್ಬರ ಹಣೆಯಲ್ಲೂ ಬೆವರು.

“ಈಗ ಬಿಡಿ” ಎಂದ ಅಣ್ಣ.

ನಮ್ಮವರು ಬಿಟ್ಟರು. ಬ್ರಶ್ಶುಗಳು ಟಕ್ ಎಂದು ಜಾಗದಲ್ಲಿ ಕೂತವು.

ನಮ್ಮವರು ಕಡ್ಡಿಗಳನ್ನು ಪೇಪರಿನ ಮೇಲಿಟ್ಟು, ಈ ಸಲ ನೇರವಾಗಿ ಅಣ್ಣನ ಮುಖ ನೋಡಿ, “ಇವತ್ತರೆ ಬರೋಬ್ಬರಿ ಹೊತ್ತಿಗೆ ಹೇಳಿದ್ರಿ. ಆವತ್ತ ಏನಾಗಿತ್ತು ನಿಮ್ಮ ಬಾಯಿಗೆ?” ಎಂದರು.

“ಹೇಳೋಕೆ ಬಂದವನನ್ನ ಬಿಟ್ಟು ಸ್ನಾನಕ್ಕೆ ಹೋದವರು ಯಾರು?”

“ಈಗ ಹೇಳ್ರಿ. ನೀರು ಅಕೀ ತುಂಬ್ಲಿಕ್ಕತ್ತಾಳ, ಈಗೇನು ಸ್ನಾನಕ್ಕ ಹೋಗೂದಿಲ್ಲ.”

ಅಣ್ಣ ಬೆರಳಿನ ಮಸಿಯನ್ನು ಪೇಪರಿಗೆ ಒರೆಸಿದ. ಆಮೇಲೆ, “ಪುಟ ತಿರುಗಿಸಲೇ ಇಲ್ಲ ಭಾವ” ಎಂದ. “ನೀವು ಆ ಹುಡುಗನ ತಲೆ ತೊಡೆ ಮೇಲೆ ಇಟ್ಕೊಂಡು ಮಾತಾಡ್ತಾ ಇದ್ರಿ. ರಿಹರ್ಸಲ್‌ನಲ್ಲಿ ಒಂದು ದಿನಾನೂ ಹಾಗೆ ಮಾಡಿರಲಿಲ್ಲ. ನಾನು ಪುಸ್ತಕ ಬಿಟ್ಟು ನಿಮ್ಮನ್ನೇ ನೋಡ್ತಾ ಕೂತುಬಿಟ್ಟೆ. ನೀವು ನಿಲ್ಲಿಸಿದ್ದೂ ಪಾತ್ರದ್ದೇ ಅಳು ಅಂದುಕೊಂಡೆ. ಜನ ನಕ್ಕ ಮೇಲೇ ನನಗೆ ಗೊತ್ತಾಗಿದ್ದು.”

ನಮ್ಮವರು ಕತ್ತು ತಗ್ಗಿಸಿ ಒಂದು ತಿರುಪನ್ನು ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.

“ಅಷ್ಟು ಚಲೋ ಆಗಿತ್ತೇನು?” ಎಂದು ಕೊನೆಗೆ ಕೇಳಿದರು.

“ಆಗಿತ್ತು.”

“ಕಣ್ಣಾಗ ನೀರು ಬಂದಿತ್ತ?”

“ಬಂದಿತ್ತು ಅಂದೆನಲ್ಲ, ಇನ್ನೂ ಎಷ್ಟು ಸಲ ಹೇಳಿಸ್ತೀರಿ?”

ಹಾಗೆ ಅವನು ಅಂದೇ ಇರಲಿಲ್ಲ. ಆದರೆ ನಮ್ಮವರು ಅದನ್ನು ಎತ್ತಿ ತೋರಿಸುವ ಸ್ಥಿತಿಯಲ್ಲಿರಲಿಲ್ಲ. ಮೀಸೆಯ ಕೆಳಗೆ ನಗು ಹರಡತೊಡಗಿತ್ತು. ನಾನು ತುಂಬಿದ ಕೊಳಗದಿಂದ ಎರಡು ಲೋಟ ನೀರು ತಂದು ಇಬ್ಬರ ಮುಂದಿಟ್ಟೆ. ನಾನು ಬಂದದ್ದನ್ನು ಯಾರೂ ಗಮನಿಸಲಿಲ್ಲ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಆಮೇಲೆ ಡೈನಮೋವನ್ನು ಪರೀಕ್ಷೆ ಮಾಡಿದರು. ಬ್ಯಾಟರಿಯಿಂದ ಅದಕ್ಕೇ ಕರೆಂಟು ಕೊಟ್ಟರೆ, ಒಳಗೆಲ್ಲ ಸರಿಯಿದ್ದಲ್ಲಿ ಅದು ಮೋಟಾರಿನಂತೆ ತಾನೇ ತಿರುಗುತ್ತದಂತೆ. ತಂತಿ ಮುಟ್ಟಿಸಿದ ಕೂಡಲೇ ಡೈನಮೋ ಒಮ್ಮೆ ನಡುಗಿ, ಗುಂಯ್ ಎಂದು ತಿರುಗಿತು. ತಿರುಗುವ ರಭಸಕ್ಕೆ ಪೇಪರಿನ ಮೇಲಿಂದ ಉರುಳಿ ಮಂಚದ ಕೆಳಗೆ ಹೋಯಿತು. ಇಬ್ಬರೂ ಒಂದೇ ಸಲ ಅದರ ಹಿಂದೆ ಬಗ್ಗಿ ತಲೆಗೆ ತಲೆ ಗುದ್ದಿಕೊಂಡರು. ಮಂಚದ ಕೆಳಗಿಂದ ಇಬ್ಬರ ನಗು ಕೇಳಿತು. ಸದ್ದಿಗೆ ಅತ್ತಿಗೆ ಮೂರನೇ ಮಹಡಿಯಿಂದ ಇಳಿದು ಬಂದು, ಹೊರಗೆ ಚಾಚಿಕೊಂಡಿದ್ದ ನಾಲ್ಕು ಕಾಲುಗಳನ್ನು ನೋಡಿ, ಏನೂ ಕೇಳದೆ ನೇರ ಅಡುಗೆಮನೆಗೆ ಬಂದು ಕಡಲೆಹಿಟ್ಟು ಎಲ್ಲಿದೆ ಎಂದಳು.

ಮಧ್ಯಾಹ್ನದ ಊಟ ತಣ್ಣಗಾಯಿತು. ಡೈನಮೋ ಗಾಡಿಗೆ ಸೇರಿ, ಸೀಟಿನ ಕೆಳಗೆ ಕಟೌಟ್ ಕೂತು, ಗಾಡಿ ಶುರುವಾಗುವಾಗ ಬಿಸಿಲು ಇಳಿದಿತ್ತು. ನಾನೂ ಅತ್ತಿಗೆಯೂ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆವು. ಬ್ಯಾಟರಿಗೆ ಕರೆಂಟು ತುಂಬುತ್ತಿದ್ದರೆ ದೀಪದ ಬುರುಡೆಯ ಮೇಲಿನ ಪುಟ್ಟ ಮೀಟರಿನ ಮುಳ್ಳು ಬಲಕ್ಕೆ, ಪ್ಲಸ್ ಗುರುತಿನ ಕಡೆಗೆ ಬರಬೇಕಂತೆ. ಅದು ಎಡಕ್ಕೆ ಹೋಯಿತು.

“ಮೀಟರಿನ ತಂತಿ ಉಲ್ಟಾ ಕೊಟ್ಟಿದ್ದೀರಿ” ಎಂದ ಅಣ್ಣ.

“ನಾ ಅಲ್ಲ, ನೀವು ಕೊಟ್ಟದ್ದು. ನಾ ಬ್ಯಾಟರೀ ಕಡೆ ಇದ್ದೆ.”

“ಕೆಂಪು ತಂತಿ ಹಿಡಿದಿದ್ದು ಯಾರು ಮತ್ತೆ?”

ಹತ್ತು ನಿಮಿಷ ಜೋರಾಗಿ ಜಗಳವಾಡಿದರು. ಎದುರಿನ ಬಿಲ್ಡಿಂಗಿನ ಮರಾಠಿ ಅಜ್ಜಿ ಕಿಟಕಿಯಿಂದ ಇಣುಕಿ, “ಕಾಯ್ ಝಾಲಂ?” ಎಂದು ಕೇಳಿದಳು. ಏನೂ ಆಗಿಲ್ಲ, ಮಾತಾಡುತ್ತಿದ್ದಾರೆ ಅಷ್ಟೇ ಎಂದು ಅತ್ತಿಗೆ ಮರಾಠಿಯಲ್ಲಿ ಹೇಳಿದಳು. ತಂತಿ ಬದಲಾಯಿಸಿದ ಮೇಲೆ ಮುಳ್ಳು ಬಲಕ್ಕೆ ಬಂತು. ದೀಪ ಹಚ್ಚಿದರು. ಎದುರಿನ ಗೋಡೆಯ ಮೇಲೆ ಬೆಳ್ಳಗಿನ ಬೆಳಕು ಬಿತ್ತು. ಅಣ್ಣ ಹಾರ್ನ್ ಒತ್ತಿದ, ಮತ್ತೊಮ್ಮೆ ಒತ್ತಿದ, ಅಜ್ಜಿ ಕಿಟಕಿ ಮುಚ್ಚಿಕೊಳ್ಳುವ ತನಕ ಒತ್ತಿದ.

“ಭಜ್ಜಿ ಆಗಿದೆ, ಬರ್ತೀರಾ?” ಎಂದು ನಾನು ಮೇಲಿನಿಂದ ಕೂಗಿದೆ.

“ಪವಾಯಿ ಕೆರೀ ತನಕ ಹೋಗಿ ಬರ್ತೇವಿ, ಚಾರ್ಜ್ ನಿಲ್ಲತದೋ ಇಲ್ಲೋ ನೋಡಬೇಕು” ಎಂದರು ನಮ್ಮವರು. ಅಣ್ಣ ಆಗಲೇ ಹಿಂದೆ ಹತ್ತಿ ಕೂತಿದ್ದ. ಗಾಡಿ ಗೇಟು ದಾಟಿ ಪವಾಯಿಯ ಕಡೆ ತಿರುಗಿತು. ತಿರುವಿನ ಆಚೆಗೂ ಇಬ್ಬರ ಮಾತು ಕೇಳುತ್ತಿತ್ತು.

ಭಜ್ಜಿ ಆರಿದರೆ ರುಚಿ ಕೆಡುತ್ತದೆ ಎಂದಳು ಅತ್ತಿಗೆ. ನಾವಿಬ್ಬರೂ ಪೇಪರು, ಎಣ್ಣೆ, ತಿರುಪುಗಳನ್ನೆಲ್ಲ ಒಂದು ಬದಿಗೆ ಸರಿಸಿ, ನಡುಮನೆಯಲ್ಲಿ ಕಾಲು ಚಾಚಿ ಕೂತು ಬಿಸಿಬಿಸಿಯಾಗಿ ತಿಂದೆವು.