ಸಮುದ್ರಕ್ಕೆ ಅಪ್ಪಣೆ ಕೇಳಲು ಬಬಲೇಶ್ವರಕ್ಕೆ

ಭಾನುವಾರ ಬೆಳಿಗ್ಗೆ ನಾವು ಮೂವರು ವಿಜಯಪುರದ ಬಸ್ ನಿಲ್ದಾಣದಿಂದ ತಿಕೋಟಾಕ್ಕೆ ಹೊರಟೆವು. ನಿಜವಾಗಿ ಹೋಗಬೇಕಿದ್ದುದು ಸಮುದ್ರಕ್ಕೆ. ಸಮುದ್ರ ಇದ್ದುದು ಪಶ್ಚಿಮಕ್ಕೆ ಮುನ್ನೂರೈವತ್ತು ಕಿಲೋಮೀಟರ್ ಆಚೆ, ಅದರ ಅಪ್ಪಣೆ ಇದ್ದುದು ತಿಕೋಟಾದಲ್ಲಿ. ಹೀಗಾಗಿ ಮೊದಲು ಇಪ್ಪತ್ತು ಕಿಲೋಮೀಟರಿನ ಈ ಪ್ರಯಾಣ.

ಹೊರಡಿಸಿದವಳು ಅಕ್ಷತಾ. ಜಲನಗರದ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಾಳೆ. ಅಲ್ಲೇ ಹತ್ತಿರದ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಇದ್ದೇವೆ. ನನ್ನದು ಸ್ಟೇಷನ್ ರಸ್ತೆಯ ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ. ಮೂರನೆಯವಳು ಸವಿತಾ, ಕಾಲೇಜಿನ ದಿನಗಳಿಂದ ಗೆಳತಿ, ಈಗ ಒಂದು ಮಗುವಿನ ತಾಯಿ. ಅಕ್ಷತಾಳ ಮದುವೆ ಬಬಲೇಶ್ವರದ ಪ್ರವೀಣನೊಂದಿಗೆ ನಿಶ್ಚಯವಾಗಿತ್ತು. ಮದುವೆಗೆ ಮೊದಲು ಒಂದು ಶನಿವಾರ, ಒಂದು ಭಾನುವಾರ, ಮೂವರೇ ಯಾವುದಾದರೂ ಸಮುದ್ರದ ಊರಿಗೆ ಹೋಗಿಬರಬೇಕು ಎಂಬುದು ಅವಳ ಆಸೆ. ಅವಳು ಸಮುದ್ರ ನೋಡಿರಲಿಲ್ಲ. ಇಂಥದಕ್ಕೆ ಈಗ ಬ್ಯಾಚಲರೆಟ್ ಪಾರ್ಟಿ ಎನ್ನುತ್ತಾರೆ.

"ಆ ಶಬ್ದ ನಮ್ಮತ್ತಿ ಮುಂದ ಅಂದ್ರ, ಯಾವ ಡಾಕ್ಟರ್ ಬರದು ಕೊಟ್ಟಾರ ಬೇ ಇದನ್ನ ಅಂತ ಕೇಳ್ತಾಳ," ಎಂದಳು ಸವಿತಾ. ಬಸ್ಸಿನಲ್ಲಿ ಮುಂದಿನ ಸೀಟಿನವರೂ ನಕ್ಕರು.

ಕಂಡಕ್ಟರ್ ನಮ್ಮ ಆಧಾರ್ ಕಾರ್ಡ್ ನೋಡಿ ಮೂರು ಶೂನ್ಯ ದರದ ಟಿಕೆಟ್ ಕೊಟ್ಟರು. ಹೆಂಗಸರು ರಾಜ್ಯದೊಳಗೆ ಎಲ್ಲಿಗಾದರೂ ಈ ಚೀಟಿಯ ಮೇಲೆ ಹೋಗಬಹುದು. ಗೋವಾ ನಮ್ಮ ಪಟ್ಟಿಯಿಂದ ಮೊದಲು ಬಿದ್ದುಹೋದದ್ದು ಗಡಿ ದಾಟಿದರೆ ಟಿಕೆಟ್ ಕೊಳ್ಳಬೇಕು ಎಂಬ ಕಾರಣಕ್ಕೆ ಎಂದು ನಾವು ಪರಸ್ಪರ ಹೇಳಿಕೊಂಡಿದ್ದೆವು. ಅದು ಸುಳ್ಳು. ಗೋವಾ ಎಂಬ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಮೂವರಿಗೂ ಇರಲಿಲ್ಲ.

ಇಟ್ಟಂಗಿಹಾಳ ದಾಟುವಾಗ ಉಳಿದ ಊರುಗಳ ಚರ್ಚೆ ನಡೆಯಿತು. ಗೋಕರ್ಣ ನನ್ನ ಆಯ್ಕೆ. ದೇವರ ದರ್ಶನ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಸವಿತಾಳದು ಮುರುಡೇಶ್ವರ: "ಅಲ್ಲಿ ಗುಡಿನೂ ದೊಡ್ಡದು, ಮೂರ್ತಿನೂ ದೊಡ್ಡದು. ಫೋಟೊದಾಗ ಎಲ್ಲಿ ನಿಂತ್ರೂ ಹಿಂದ ಶಿವ ಬರ್ತಾನ. ನಮ್ಮ ಮನಿಯವರು ಮತ್ತೇನ್ ಕೇಳ್ತಾರ?" ಕಾರವಾರ ಅಕ್ಷತಾಳದು. ಅದಕ್ಕೆ ಅವಳು ಕಾರಣ ಕೊಡಲಿಲ್ಲ, ನಕಾಶೆಯಲ್ಲಿ ಬಸ್ ನಿಲ್ದಾಣದಿಂದ ನೀರಿನವರೆಗೆ ಬೆರಳು ಎಳೆದು ತೋರಿಸಿದಳು ಅಷ್ಟೆ. "ಮನ್ಯಾಗ ಏನ್ ಹೇಳ್ತಿ ಆ ಊರಿಗೆ?" ಎಂದು ಸವಿತಾ ಕೇಳಿದಾಗ ಫೋನ್ ಚೀಲಕ್ಕೆ ಹಾಕಿಕೊಂಡಳು. ಯಾವ ಊರಿನ ಸಮುದ್ರ ಚೆಂದ ಎಂದು ನಾವು ಒಮ್ಮೆಯೂ ಮಾತಾಡಲಿಲ್ಲ. ಅದು ನನಗೆ ಹೊಳೆದದ್ದು ಸಂಜೆ ವಾಪಸು ಬರುವಾಗ.

ತಿಕೋಟಾದಲ್ಲಿ ಇಳಿದಾಗ ಬಿಸಿಲು ಏರುತ್ತಿತ್ತು. ದ್ರಾಕ್ಷಿ ಕಟಾವಿನ ಕಾಲ, ರಸ್ತೆ ತುಂಬ ಕ್ರೇಟು ಹೇರಿದ ಟ್ರ್ಯಾಕ್ಟರುಗಳು. ಅಕ್ಷತಾಳ ತಂದೆಯದು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಗಿರಾಕಿಗಳ ನಡುವೆಯೇ ಅವರು ನಮಗೆ ಕುರ್ಚಿ ಹಾಕಿಸಿ, ಚಹಾ ಮತ್ತು ಬಿಸಿ ಮಿರ್ಚಿ ಭಜಿ ತರಿಸಿದರು. ಒಳ್ಳೆಯ ಮನುಷ್ಯ. ಮಗಳು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ನಂದೇನ್ ತಕರಾರ ಇಲ್ಲವಾ. ಆದ್ರ ನಾ ಹೂಂ ಅಂದ್ರ ನಡೀತೈತೇನು? ನಿಶ್ಚೇ ದಿವಸ ಅವರು ಉಡಿ ತುಂಬ್ಯಾರ. ಈಗ ನೀ ಆ ಮನಿ ಹೆಣ್ಣ. ಅವರನ್ನ ಒಂದ ಮಾತ ಕೇಳ."

"ಮದಿವಿ ಇನ್ನೂ ಆಗಿಲ್ಲಪ್ಪಾ."

"ಉಡಿ ತುಂಬಿದ್ರ ಆದಂಗ. ಇವತ್ತಽ ಹೋಗಿ ಬರ್ರಿ. ನಾ ಫೋನ್ ಹಚ್ಚಿ ಹೇಳ್ತೇನಿ, ಊಟಕ್ಕ ಬರ್ತಾರ ಅಂತ."

ಓದುವವರಲ್ಲಿ ನಮ್ಮ ಕಡೆಯವರಲ್ಲದವರೂ ಇರಬಹುದು, ಅವರಿಗಾಗಿ ಹೇಳುತ್ತೇನೆ. ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ರವಿಕೆಯ ಬಟ್ಟೆಯಾದ ಕುಬಸದ ಕಣ ಹಾಕಿ ಹರಸುವುದು ಉಡಿ ತುಂಬುವುದು. ಅದನ್ನು ಚೆಲ್ಲದಂತೆ ಮನೆಗೆ ಒಯ್ದು ದೇವರ ಮುಂದೆ ಇಡಬೇಕು. ನನಗೂ ತುಂಬಿದ್ದಾರೆ, ಸವಿತಾಳಿಗೂ ತುಂಬಿದ್ದಾರೆ. ಅದು ಹೆಣ್ಣನ್ನು ಒಂದು ಮನೆಯಿಂದ ಇನ್ನೊಂದು ಮನೆಯ ಹೆಸರಿಗೆ ಬರೆದುಕೊಡುತ್ತದೆ ಎಂದು ನಾನು ಅಂದಿನವರೆಗೆ ಯೋಚಿಸಿರಲಿಲ್ಲ.

ತಿಕೋಟಾದಿಂದ ಬಬಲೇಶ್ವರಕ್ಕೆ ಆ ಹೊತ್ತಿಗೆ ಬಸ್ ಇರಲಿಲ್ಲ. ಮೂರು ಗಾಲಿಯ ಟಂಟಂ ಹತ್ತಿದೆವು. ಈ ಗಾಡಿಗೆ ಶೂನ್ಯ ಟಿಕೆಟ್ ಇಲ್ಲ, ತಲೆಗೆ ಐವತ್ತು ಕೊಟ್ಟೆವು. ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ಹಸಿರು ಬಲೆ ಹೊದಿಸಿದ ಒಣದ್ರಾಕ್ಷಿಯ ಶೆಡ್ಡುಗಳು. ಅಕ್ಷತಾ ಅಂಗಡಿಯಿಂದ ಮನೆಗೆ ಹೋಗಿ, ತನ್ನ ತಾಯಿ ಕೊಟ್ಟ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. ಅತ್ತೆಯ ಮನೆಗೆ ಚೂಡಿದಾರದಲ್ಲಿ ಹೋಗುವಂತಿಲ್ಲ. ಧೂಳಿಗೆ ಸೆರಗನ್ನು ಮೂಗಿಗೆ ಹಿಡಿದು, "ಅವರು ಹೂಂ ಅಂತಾರ, ಪ್ರವೀಣ ಹೇಳ್ಯಾನ," ಎಂದಳು. ಎರಡು ವಾರದ ಹಿಂದೆ ಪ್ರವೀಣ ತನ್ನ ಐವರು ಗೆಳೆಯರೊಂದಿಗೆ ಗೋವಾಕ್ಕೆ ಹೋಗಿ ಬಂದಿದ್ದ. ಫೋಟೊಗಳನ್ನು ನಾವೆಲ್ಲ ನೋಡಿದ್ದೆವು.

ಬಬಲೇಶ್ವರದ ಮನೆಯಲ್ಲಿ ಊಟ ಚೆನ್ನಾಗಿತ್ತು. ಅದನ್ನೂ ಹೇಳಬೇಕು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು, ಶೇಂಗಾ ಹೋಳಿಗೆ. ಪ್ರವೀಣನ ತಾಯಿ ಪಕ್ಕದಲ್ಲಿ ಕೂತು ಬಡಿಸಿದರು. ಊಟದ ನಂತರ ಅಕ್ಷತಾಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಅವಳು ಸೆರಗನ್ನು ಗಂಟಿನಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಅದನ್ನು ಎಡಗೈಯಲ್ಲಿ ಆತು ಹಿಡಿದು, ಬಂದ ವಿಷಯ ಹೇಳಿದಳು.

ಪ್ರವೀಣನ ತಾಯಿ ಹಿರಿಯ ಮಗನ ಮುಖ ನೋಡಿದರು. ಅವನ ಹೆಸರು ಮಲ್ಲಣ್ಣ, ಒಣದ್ರಾಕ್ಷಿಯ ವ್ಯಾಪಾರ ನೋಡಿಕೊಳ್ಳುವವನು. ಪ್ರವೀಣ ಬಾಗಿಲಿಗೆ ಒರಗಿ ನಿಂತಿದ್ದ.

"ಯಾವ ಊರು?" ಎಂದ ಮಲ್ಲಣ್ಣ.

"ಗೋಕರ್ಣ, ಇಲ್ಲಾ ಮುರುಡೇಶ್ವರ," ಎಂದೆ ನಾನು.

"ಯಾವ ಗುಡಿಗೆ ಹೊಂಟೀರಿ ಅಂತ ಕೇಳಲಿಲ್ಲ. ಗುಡಿ ಇಲ್ಲೂ ಅದಾವು. ನಿಮಗ ಬೇಕಾಗಿದ್ದು ಸಮುದ್ರ, ಹೌದಲ್ಲ?"

"ಹೌದ್ರಿ," ಎಂದಳು ಅಕ್ಷತಾ.

"ಗಂಡಸರಿಲ್ಲದ?"

ಸವಿತಾಗೆ ತಡೆಯಲಾಗಲಿಲ್ಲ. "ಪ್ರವೀಣ ಅವರು ಗೋವಾಕ್ಕ ಹೋದಾಗ ಹೆಂಗಸರನ್ನ ಕರಕೊಂಡು ಹೋಗಿದ್ರೇನ್ರಿ?"

ಯಾರೋ ಒಳಗೆ ನಕ್ಕರು. ಮಲ್ಲಣ್ಣನೂ ನಕ್ಕ, ಎದ್ದು ಜೀಪಿನ ಕೀಲಿ ತೆಗೆದುಕೊಂಡ. "ಭಾಳ ಶಾಣ್ಯಾ ಅದೀರಿ. ನಡೀರಿ, ಸಮುದ್ರ ತೋರಸ್ತೇನಿ. ಏ ಪವ್ಯಾ, ನಡಿ."

ಚೇಷ್ಟೆ ಎಂದುಕೊಂಡೆವು. ಅತ್ತೆಯಾಗುವವರೂ "ಹೋಗಿ ಬರ್ರಿ" ಎಂದರು. ಜೀಪು ಊರಾಚೆಯ ಕೆರೆಯ ಏರಿಯ ಮೇಲೆ ನಿಂತಿತು. ಕಾಲುವೆಯ ನೀರು ಬಿಟ್ಟು ತುಂಬಿಸಿದ ಕೆರೆ. ಹಿಂದೆಯೇ ಮಲ್ಲಣ್ಣನ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುವ ಇಬ್ಬರು ಗಂಡಸರು ಬೈಕಿನಲ್ಲಿ ಬಂದರು.

ಇಲ್ಲಿಂದ ಮುಂದೆ ನಡೆದದ್ದನ್ನು ನಾನು ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಅಂದಿನಿಂದಲೇ ಎಲ್ಲರೂ ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟರು. ಮಲ್ಲಣ್ಣ, "ಇಳಿ, ನೋಡು. ನೀರು ಇಲ್ಲೂ ಐತಿ, ಅಲ್ಲೂ ಐತಿ. ಇಲ್ಲೇ ಕಾಲ ತೊಯ್ಸಕೊ, ಪಾರ್ಟಿ ಮುಗೀತು," ಎಂದ. ಅಕ್ಷತಾ ಇಳಿಯಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಆಗ ಅವನ ಧ್ವನಿಯಲ್ಲಿ ನಗೆ ಇರಲಿಲ್ಲ. ಅವಳು ಪ್ರವೀಣನ ಕಡೆ ನೋಡಿದಳು. ಪ್ರವೀಣ ಆಗಲೇ ಫೋನ್ ಎತ್ತಿ ಹಿಡಿದು ವಿಡಿಯೊ ತೆಗೆಯುತ್ತಿದ್ದ. "ಬಬಲೇಶ್ವರ ಬೀಚಿಗೆ ಸ್ವಾಗತ," ಎಂದ. "ಹೋಗು ಲೇ, ಅಣ್ಣ ಅನ್ನಾಕತ್ತಾನಲ್ಲ, ಒಂದ ಫೋಟೊ."

ಅವಳು ಏರಿಯಿಂದ ಕೆಳಗಿಳಿದಳು. ಅಂಚಿನಲ್ಲಿ ಒಣಗಿದಂತೆ ಕಾಣುತ್ತಿದ್ದ ಹೂಳು ಒಳಗೆ ಹಸಿಯಾಗಿತ್ತು. ಎರಡನೆಯ ಹೆಜ್ಜೆಗೆ ಬಲಗಾಲು ಹೂತಿತು. ಕೈ ಚಾಚಿದಾಗ ಸೆರಗು ಸಡಿಲವಾಗಿ ಉಡಿಯ ಅಕ್ಕಿಯೆಲ್ಲ ಕೆಸರಿಗೆ ಚೆಲ್ಲಿತು, ಕಾಯಿ ಉರುಳಿ ನೀರಿಗೆ ಬಿತ್ತು. ನಾನು ಮತ್ತು ಸವಿತಾ ಓಡಿ ಇಳಿದೆವು. ನಾವು ಅವಳ ತೋಳು ಹಿಡಿಯುವಾಗ ಮೇಲಿನಿಂದ ಮಲ್ಲಣ್ಣ ಅಂದ: "ನೋಡ್ರಿ, ಸಮುದ್ರಕ್ಕ ಉಡಿ ತುಂಬ್ಯಾಳ!"

ಶೆಡ್ಡಿನ ಇಬ್ಬರೂ ನಕ್ಕರು. ಪ್ರವೀಣನೂ ನಕ್ಕ. ಅವನ ಫೋನ್ ಕೆಳಗಿಳಿಯಲಿಲ್ಲ.

"ಫೋನ್ ಬಂದ್ ಮಾಡೋ!" ಎಂದು ನಾನು ಕೂಗಿದೆ. ಜೀವನದಲ್ಲಿ ಅಷ್ಟು ಜೋರಾಗಿ ನಾನು ಯಾರನ್ನೂ ಏಕವಚನದಲ್ಲಿ ಕರೆದಿಲ್ಲ. ಅಕ್ಷತಾ ಅಳಲಿಲ್ಲ. ಬಾಗಿ, ಕೆಸರಿನಿಂದ ಒಂದು ಚಪ್ಪಲಿ ಕಿತ್ತುಕೊಂಡಳು. ಇನ್ನೊಂದನ್ನೂ ತೆಗೆದು, ಎರಡನ್ನೂ ಕೈಯಲ್ಲಿ ಹಿಡಿದು ಏರಿ ಹತ್ತಿದಳು. ಜೀಪಿನ ಕಡೆ ತಿರುಗಲಿಲ್ಲ. ಊರಿನ ಕಡೆ ನಡೆದಳು. ನಾವೂ ನಡೆದೆವು.

ಬಸ್ ನಿಲ್ದಾಣದವರೆಗೆ ಬಿಸಿಲಲ್ಲಿ ಅವಳು ಬರಿಗಾಲಲ್ಲಿ ನಡೆದಳು. ಬೇವಿನ ನೆರಳಲ್ಲಿ ಕಬ್ಬಿನ ಹಾಲು ಮಾರುತ್ತಿದ್ದ ಹೆಂಗಸು ಕೇಳದೆಯೇ ಒಂದು ಕೊಡ ನೀರು ತಂದು ಅವಳ ಕಾಲ ಮೇಲೆ ಸುರಿದಳು. "ಎಲ್ಲಿ ಬಿದ್ದೀ ಯವ್ವಾ?" ಎಂದಳು. "ಬಿದ್ದಿಲ್ರಿ," ಎಂದಳು ಅಕ್ಷತಾ.

ವಿಜಯಪುರದ ಬಸ್ ಬಂದು ನಿಂತಿತ್ತು, ಹೊರಡಲು ಹೊತ್ತಿತ್ತು. ಒಳಗೆ ಕೂತಾಗ ಅವಳ ತಂದೆಯ ಫೋನ್ ಬಂತು. ವಿಡಿಯೊ ಎರಡೂ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗಿ, ನಾವು ಬಸ್ ಹತ್ತುವ ಮೊದಲೇ ತಿಕೋಟಾದ ಅಂಗಡಿಯನ್ನು ಮುಟ್ಟಿತ್ತು. ಅವಳು ಸ್ಪೀಕರ್ ಹಾಕಿದಳು.

"ಚೇಷ್ಟಿ ಮಾಡ್ಯಾರವಾ. ಮನಸಿಗೆ ಹಚ್ಚಕೋಬ್ಯಾಡ. ಜೀಪ್ ಬಿಟ್ಟು ಹಂಗ ನಡಕೊಂತ ಹೋಗಿದ್ದು ಅವರಿಗೆ ಸರಿ ಅನ್ನಿಸಿಲ್ಲ. ಹೊಳ್ಳಿ ಹೋಗಿ ಒಂದ ಮಾತ ತಪ್ಪಾತು ಅಂದು ಬಾ."

"ಯಾರದು ತಪ್ಪಪ್ಪಾ?"

ಫೋನಿನಲ್ಲಿ ಯಾವನೋ ಗಿರಾಕಿ ಔಷಧಿಯ ಡಬ್ಬಿಯ ಬೆಲೆ ಕೇಳುತ್ತಿದ್ದ. ತಂದೆ ಅವನಿಗೆ ಉತ್ತರ ಕೊಟ್ಟರು. ಅವಳು ಫೋನ್ ಇಟ್ಟಳು.

"ಮುಂದಿನ ಶುಕ್ರವಾರ ಹೊಂಡೂಣು," ಎಂದಳು.

ಸವಿತಾ, "ಈ ವಿಡಿಯೊ ನಮ್ಮ ಮನಿಗೂ ಮುಟ್ಟತೈತಿ. ನೋಡಿದ ಮ್ಯಾಲ ನಮ್ಮ ಮನಿಯವರು ನನ್ನ ಬಿಡೂದಿಲ್ಲ ಬೇ," ಎಂದಳು. ಬೆಳಿಗ್ಗೆಯಿಂದ ನಗಿಸುತ್ತಿದ್ದವಳು ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಬಂದ ಸಿಟ್ಟು ಅವಳ ಮೇಲಲ್ಲ. ಒಂದು ಕೆರೆಯ ದಂಡೆಯಲ್ಲಿ ನಿಂತು, ಕೈಯನ್ನೂ ಎತ್ತದೆ, ಆ ಗಂಡಸರು ವಿಜಯಪುರದಲ್ಲಿನ ಸವಿತಾಳ ಮನೆಯ ಬಾಗಿಲನ್ನೂ ಹಾಕಿಬಿಟ್ಟಿದ್ದರು.

"ನಾ ಬರ್ತೇನಿ," ಎಂದೆ.

ಬಸ್ ಚಾಲೂ ಆಯಿತು. ಆಗ ಬೈಕಿನಲ್ಲಿ ಪ್ರವೀಣ ಬಂದ. ಒಬ್ಬನೇ ಬಂದಿದ್ದ. ನಮ್ಮ ಕಿಟಕಿಯ ಕೆಳಗೆ ನಿಂತು ಒಂದು ಬಟ್ಟೆಯ ಚೀಲ ಎತ್ತಿ ಹಿಡಿದ.

"ಅವ್ವ ಮತ್ತೊಮ್ಮೆ ಉಡಿ ಕಟ್ಟಿ ಕಳಿಸ್ಯಾಳ. ಚೆಲ್ಲಿದ್ದು ಒಳ್ಳೇದಲ್ಲಂತ. ತಗೊ."

ಅಕ್ಷತಾ ಕೈ ಚಾಚಲಿಲ್ಲ. "ವಿಡಿಯೊ ಡಿಲೀಟ್ ಮಾಡಿದಿಯೇನು?"

"ಅಣ್ಣ ಎಲ್ಲಾರಿಗೂ ಕಳಿಸ್ಯಾನ, ನಾ ಡಿಲೀಟ್ ಮಾಡಿ ಏನ್ ಮಾಡ್ಲಿ? ಅಷ್ಟ ದೊಡ್ಡದು ಮಾಡಬ್ಯಾಡ ಅಕ್ಷು. ಎಲ್ಲಾರೂ ನಕ್ಕಾರ ಅಷ್ಟಽ."

"ನೀನೂ ನಕ್ಕಿ."

ಅವನು ಚೀಲವನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದ. "ಮದಲ ಇದನ್ನ ತಗೊ. ಮನ್ಯಾಗ ಏನ್ ಹೇಳ್ಲಿ?"

"ಶುಕ್ರವಾರ ಕಾರವಾರಕ್ಕ ಹೊಂಟಾಳಂತ ಹೇಳು," ಎಂದಳು ಅಕ್ಷತಾ.

"ಕಾರವಾರಕ್ಕ?" ಅವನಿಗೆ ನಿಜವಾಗಿ ಅರ್ಥವಾಗಲಿಲ್ಲ. "ಅಲ್ಲಿ ಯಾವ ಗುಡಿ ಐತಿ ಅಂತ ಕೇಳ್ತಾಳ ಅವ್ವ."

"ಸಮುದ್ರ ಐತಿ ಅಂತ ಹೇಳು."

ಕಂಡಕ್ಟರ್ ಸೀಟಿ ಊದಿದರು. ಬಸ್ ಮುಂದೆ ಹೋಯಿತು. ಅವನು ಕಿಟಕಿಯ ಜೊತೆ ನಾಲ್ಕಾರು ಹೆಜ್ಜೆ ಬಂದು ನಿಂತ. ಅಕ್ಷತಾ ತಿರುಗಿ ನೋಡಲಿಲ್ಲ. ನಾನು ನೋಡಿದೆ. ರಸ್ತೆಯ ನಡುವೆ ಆ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ನಿಂತಿದ್ದ. ಉಡಿಯನ್ನು ಕೆಳಗಿಡಬಾರದು ಎಂಬುದು ಅವನಿಗೆ ಗೊತ್ತಿತ್ತು. ಹಿಂದಿನಿಂದ ದ್ರಾಕ್ಷಿಯ ಟ್ರ್ಯಾಕ್ಟರ್ ಒಂದು ಹಾರ್ನ್ ಹಾಕುತ್ತಲೇ ಇತ್ತು. ಅದನ್ನು ಹೊತ್ತು ಎಲ್ಲಿಗೆ ಹೋಗಬೇಕು ಎಂದು ಮಾತ್ರ ಅವನಿಗೆ ತಿಳಿದಂತೆ ಕಾಣಲಿಲ್ಲ.