ನೂತನಳ ನಡಿಗೆಗೆ ಅಡ್ಡ ಬಂದ ಚಹಾ

ಇಚಲಕರಂಜಿಯ ನಮ್ಮ ಓಣಿಯಲ್ಲಿ ಯಾರೂ ಸುಮ್ಮನೆ ನಡೆದು ಹೋಗುವಂತಿಲ್ಲ. ಮನೆ ಮುಂದೆ ಹಾಯ್ದವರನ್ನು ಒಳಗೆ ಕರೆದು ಚಹಾ ಕುಡಿಸಿಯೇ ಬಿಡಬೇಕು. ಈ ವಿಷಯದಲ್ಲಿ ಎಲ್ಲರಿಗಿಂತ ಹಟಮಾರಿ ಎಂದರೆ ನಾನು, ಬಾಳಕ್ಕ, ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ಈಗ ಮನೆಯಲ್ಲಿ ಕೂತವಳು. ನನ್ನ ಚಹಾ ಒಲ್ಲೆ ಎಂದವರನ್ನು ನಾನು ಸುಲಭಕ್ಕೆ ಕ್ಷಮಿಸುವುದಿಲ್ಲ.

ಎದುರು ಮನೆಯ ಸೊಸೆ ನೂತನ ಹೋದ ದೀಪಾವಳಿ ಕಳೆದ ಮೇಲೆ ದಿನಾ ನಡೆಯತೊಡಗಿದಳು. ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ. ಹಾಗಾಗಿ ಅವಳ ನಡಿಗೆ ನಾಲ್ಕು ಗಂಟೆಗೆ, ಅಂದರೆ ಸರಿಯಾಗಿ ಚಹಾದ ಹೊತ್ತಿಗೆ. ಓಣಿ ದಾಟುವಷ್ಟರಲ್ಲಿ ಮೂರು ಮನೆ, ಮೂರು ಕಪ್ಪು.

“ದಪ್ಪ ಆಗ್ತೀನಂತ ಅಂಜಾಕತ್ತೀಯೇನ?” ಎಂದು ಕಾಡಿಸಿ, ಒಲ್ಲೆ ಎಂದರೂ ನಾನೇ ಅವಳ ಕೈಗೆ ಕಪ್ಪು ಹಿಡಿಸುತ್ತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ದಿನ ಅವಳು ನನ್ನ ಚಹಾದ ಮುಂದೆ ಕೂತು ಅತ್ತೇಬಿಟ್ಟಳು. “ಬಾಳಕ್ಕಾ, ನಿಮ್ಮ ಚಾ ನನಗ ಇನ್ನೊಂದ ಕೂಸ ಆಗಾಕ ಬಿಡವಲ್ತ್ರಿ.”

ನನಗೆ ತಲೆಬುಡ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮಗಳು ಮನಾಲಿ ಹೊಟ್ಟೆಯಲ್ಲಿದ್ದಾಗ ಬಂದ ಸಕ್ಕರೆ ಕಾಯಿಲೆ ಹೆರಿಗೆಯಾದ ಮೇಲೆ ಹೋಗಿತ್ತು. ಎಲ್ಲರೂ ಮರೆತರು. ನಾಲ್ಕು ವರ್ಷಕ್ಕೆ ಅದು ಮರಳಿ ಬಂದು ಠಿಕಾಣಿ ಹೂಡಿತು. ಅವಳಿಗೆ ಇನ್ನೊಂದು ಮಗು ಬೇಕು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ರಿಪೋರ್ಟು ಆರೂವರೆಯೊಳಗೆ ಬರಲಿ, ಆಮೇಲೆ ನೋಡೋಣ ಎಂದು ಡಾಕ್ಟರಮ್ಮ ಹೇಳಿದ್ದರು. ದಿನಾ ನಡೆದರೂ ಅದು ಏಳೂವರೆಯಿಂದ ಎಂಟಕ್ಕೆ ಏರಿತ್ತು. ಕಾಯಿಲೆಯ ಮಾತು ಓಣಿಗೆ ತಿಳಿಯಬಾರದೆಂದು ಅತ್ತೆ ಮಾಣಿಕಬಾಯಿಯ ಕಟ್ಟಪ್ಪಣೆ ಬೇರೆ.

ನನಗೆ ವಿಪರೀತ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಅದನ್ನೆಲ್ಲ ಒಯ್ದು ಮಾಣಿಕಬಾಯಿಯ ಮೇಲೆ ಸುರಿದೆ. “ಸಕ್ರಿ ಏನ ಕಳುವಿನ ಮಾಲ ಏನ್ರಿ, ಮುಚ್ಚಿಡಾಕ? ನೀವು ಮುಚ್ಚಿಟ್ರಿ, ನಾವು ಕುಡಿಸಿದ್ವಿ!”

“ಒಂದ ಕೂಸ ಐತಲ್ರಿ, ಸಾಕು,” ಎಂದು ಆಕೆ ಮುಖ ತಿರುಗಿಸಿದಳು. ಎಂಥ ಕಲ್ಲೆದೆ ಎಂದು ಬೈದುಕೊಳ್ಳುತ್ತ ಮನೆಗೆ ಬಂದೆ.

ಆದರೆ ಮರುದಿನ ನಾಲ್ಕಕ್ಕೆ ಸೊಸೆಯ ಜೊತೆ ಆಕೆಯೂ ಹೊರಬಿದ್ದಳು. ಕರೆದವರಿಗೆಲ್ಲ ಒಂದೇ ಉತ್ತರ: “ಆಕಿಗಿ ಸಕ್ರಿ ಐತಿ. ಮಾತಾಡೂದಿದ್ರ ನಡಕೋತ ಬರ್ರಿ.”

ಹೋದೆವು. ಮಾತು ಬಿಟ್ಟಿರುವುದು ನಮ್ಮಿಂದಾಗದ ಕೆಲಸ. ವಾರದೊಳಗೆ ಆರು ಜನವಾದೆವು. ಪವರ್‌ಲೂಮ್ ಶೆಡ್ಡುಗಳ ಸದ್ದಿನ ನಡುವೆ ಕಿರುಚಿಕೊಂಡೇ ಹರಟೆ. ಮನೆಯಲ್ಲಿ ನೂತನ ಅನ್ನ ಕಡಿಮೆ ಮಾಡಿ ಕಾಳು, ಸೊಪ್ಪು ಹೆಚ್ಚಿಸಿದಳು, ಗುಳಿಗೆ ತಪ್ಪಿಸಲಿಲ್ಲ. ಮನೆಮಂದಿಗೆಲ್ಲ ಅದೇ ಊಟ. ಗಂಡ ಭರತೇಶ ಮೊದಮೊದಲು ಗೊಣಗಿದ, ಪ್ಯಾಂಟು ಸಡಿಲಾದ ಮೇಲೆ ಸುಮ್ಮನಾದ.

ಹೀಗೆ ಆರು ತಿಂಗಳು ನಡೆದ ಮೇಲೆ ಮೊನ್ನೆ ರಿಪೋರ್ಟು ಬಂತು. ಆರು ಪಾಯಿಂಟ್ ಎರಡು! ಡಾಕ್ಟರಮ್ಮ ಹೂಂ ಎಂದಿದ್ದರು. ತಿಂಗಳು ತಿಂಗಳು ತಪ್ಪದೆ ತೋರಿಸಬೇಕು, ಅಷ್ಟೇ. ಓಣಿಯಲ್ಲೇ ಕೂಗಾಡಿದೆವು. ನನಗಂತೂ ಕುಣಿಯುವಷ್ಟು ಸಂತೋಷ. ಮಾಣಿಕಬಾಯಿ ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿದಳು.

“ನಾ ಸಾಕು ಅಂದಿದ್ದು ಕೂಸ ಬ್ಯಾಡಂತ ಅಲ್ಲವ್ವಾ. ಹೋದ ಸಲ ಮನಾಲಿ ಹುಟ್ಟೂವಾಗ ನಿನ್ನ ದವಾಖಾನ್ಯಾಗ ನೋಡಿದ್ನಲ್ಲಾ, ನೀನ ಕೈತಪ್ಪಿ ಹೋಗ್ತೀಯೋ ಏನೋ ಅಂತ ಭಾಳ ಅಂಜಿದ್ದೆ.”

ನೂತನ ಅತ್ತೆಯ ಕಣ್ಣೊರೆಸಿ, ಕೈಹಿಡಿದು ಎಬ್ಬಿಸಿದಳು. ಅಳು, ನಗು ಎರಡೂ ಒಟ್ಟಿಗೇ ಬಂದಿದ್ದವು ಅವಳಿಗೆ.

“ನಾ ಒಬ್ಬಾಕಿ ಎಲ್ಲೀಗಿ ಹೋಗ್ಲಿರಿ, ಅತ್ತ್ಯಾರ? ನೀವು ನನ್ನ ಬೆನ್ನ ಬಿಟ್ರ ಅಲ್ಲನ!”